ಘಟ್ಟಕ್ಕೆಷ್ಟು ಹಲ್ಲು, ಕಡಲ ದಾರಿಗೆಷ್ಟು?

ಹಳೆಯ ಕಾರು ಇಟ್ಟುಕೊಂಡವರಿಗೆ ಸುರತ್ಕಲ್ ಒಂದು ಧರ್ಮಸಂಕಟದ ಊರು. ಪೇಟೆಯನ್ನು ಸೀಳಿಕೊಂಡು ಹೋಗುವ 66ನೇ ರಾಷ್ಟ್ರೀಯ ಹೆದ್ದಾರಿ ಉತ್ತರಕ್ಕೆ ಮೂಲ್ಕಿ, ಪಡುಬಿದ್ರಿ, ಉಡುಪಿಯತ್ತಲೂ ದಕ್ಷಿಣಕ್ಕೆ ಪಣಂಬೂರು, ಮಂಗಳೂರಿನತ್ತಲೂ ಹೆಚ್ಚು ಏರಿಳಿತವಿಲ್ಲದೆ ಸಾಗುತ್ತದೆ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅದರ ಹಿಂದೆಯೇ ಗೊಬ್ಬರದ ಕಾರ್ಖಾನೆ, ತೈಲ ಶುದ್ಧೀಕರಣಾಗಾರ ಬಂದವು. ಈಗ ಈ ದಾರಿಯಲ್ಲಿ ಟ್ಯಾಂಕರುಗಳದ್ದೇ ದರ್ಬಾರು. ಅವುಗಳ ನಡುವೆ ನಲವತ್ತರ ವೇಗದಲ್ಲಿ ತೆವಳುವ ಮುದಿ ಕಾರು ತನಗೂ ಅಪಾಯ, ಹಿಂದೆ ಬರುವವರಿಗೂ ಅಪಾಯ.

ಆದರೆ ಇದೇ ಕಾರು ಪೂರ್ವಕ್ಕೆ ತಿರುಗಿತೆನ್ನಿ. ಬಿ.ಸಿ.ರೋಡು, ಉಪ್ಪಿನಂಗಡಿ, ಗುಂಡ್ಯ ದಾಟಿದರೆ ಶಿರಾಡಿ. ಬೆಳ್ತಂಗಡಿ, ಉಜಿರೆ ದಾಟಿದರೆ ಚಾರ್ಮಾಡಿ. ಕಾರ್ಕಳ, ಹೆಬ್ರಿ, ಸೋಮೇಶ್ವರದ ಕಡೆಯಿಂದ ಹೋದರೆ ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ. ಎಲ್ಲಿ ಹೋದರೂ ಎರಡು ಮೂರು ಗಂಟೆಯೊಳಗೆ ಸಹ್ಯಾದ್ರಿಯ ಗೋಡೆ ಎದುರಾಗುತ್ತದೆ. ಸಮತಟ್ಟಾದ ಹೆದ್ದಾರಿಗೆ ಬೇಕಾದ ಗುಣವೇ ಬೇರೆ, ಘಟ್ಟಕ್ಕೆ ಬೇಕಾದ ಗುಣವೇ ಬೇರೆ. ಈ ಎರಡು ಗುಣಗಳ ನಡುವಿನ ಪಂಚಾಯಿತಿ ನಡೆಯುವುದು ಕಾರಿನ ಹಿಂಬದಿಯ ಆಕ್ಸಲ್ಲಿನಲ್ಲಿ, ಎರಡು ಹಲ್ಲುಚಕ್ರಗಳ ಮಧ್ಯೆ. ಹಳೆಯ ಕಾರನ್ನು ಜೋಪಾನ ಮಾಡುವವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ಆ ಹಲ್ಲುಚಕ್ರಗಳನ್ನು ಬದಲಿಸಿದರೆ ಹೇಗೆ? ಬದಲಿಸುವುದಾದರೆ ಯಾವ ಅನುಪಾತದ್ದು?

ಹೌಸಿಂಗ್ ಒಳಗೆ ಏನಿದೆ?

ಇಂದಿನ ಹೆಚ್ಚಿನ ಸಣ್ಣ ಕಾರುಗಳು ಮುಂದಿನ ಚಕ್ರಗಳಿಂದ ಓಡುತ್ತವೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೋರಿಸ್ ಮೈನರ್ ಮುಂತಾದ ಹಳೆಯ ಕಾರುಗಳಲ್ಲಿ ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ. ಎಂಜಿನ್ನಿನ ಶಕ್ತಿ ಗಿಯರ್ ಬಾಕ್ಸ್ ದಾಟಿ, ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಕ್ಕೆ ಬರುತ್ತದೆ. ಕಾರಿನಡಿ ಬಗ್ಗಿ ನೋಡಿದರೆ ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂಥ ಒಂದು ಉಬ್ಬು ಕಾಣುತ್ತದಲ್ಲ, ಮೆಕ್ಯಾನಿಕ್‌ಗಳು ಅದನ್ನು ಹೌಸಿಂಗ್ ಎನ್ನುತ್ತಾರೆ. ಶಾಫ್ಟಿನ ತುದಿಯಲ್ಲಿರುವ ಸಣ್ಣ ಹಲ್ಲುಚಕ್ರ ಪಿನಿಯನ್. ಅದು ಕಚ್ಚಿಕೊಂಡು ತಿರುಗಿಸುವ ದೊಡ್ಡ ಬಳೆಯಂಥ ಚಕ್ರ ಕ್ರೌನ್. ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಆಕ್ಸಲ್ ಅನುಪಾತ. ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8 ಹಲ್ಲು ಇದ್ದರೆ 4.875. ಅಂದರೆ ಚಕ್ರ ಒಂದು ಸುತ್ತು ಬರಲು ಶಾಫ್ಟು ಸುಮಾರು ಐದು ಸುತ್ತು ಬರಬೇಕು.

ಕಲ್ಲು ಮೀಟುವ ಹಾರೆಯನ್ನು ನೆನಪಿಸಿಕೊಳ್ಳಿ. ಹಾರೆ ಉದ್ದವಾದಷ್ಟೂ ಭಾರವಾದ ಕಲ್ಲು ಅಲುಗಾಡುತ್ತದೆ. ಆದರೆ ಕಲ್ಲು ಒಂದಂಗುಲ ಏಳಬೇಕಾದರೆ ಕೈ ಅಡಿಗಟ್ಟಲೆ ಇಳಿಯಬೇಕು. ಆಕ್ಸಲ್ ಅನುಪಾತವೂ ಅಂಥದೇ ಹಾರೆ. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಹೆಚ್ಚು, ಎಂಜಿನ್ನಿನ ಓಟವೂ ಹೆಚ್ಚು. ಸಂಖ್ಯೆ ಚಿಕ್ಕದಾದರೆ ಎಂಜಿನ್ನಿಗೆ ವಿಶ್ರಾಂತಿ, ಆದರೆ ಎಳೆತ ಕಡಿಮೆ. ಇಲ್ಲೊಂದು ಮಾತಿನ ಗೊಂದಲವಿದೆ. ದೊಡ್ಡ ಸಂಖ್ಯೆಯದನ್ನು ‘ಲೋ’ ಎಂದೂ ಚಿಕ್ಕ ಸಂಖ್ಯೆಯದನ್ನು ‘ಹೈ’ ಎಂದೂ ಕರೆಯುವುದು ವಾಡಿಕೆ. ಬಿಡಿಭಾಗ ತರಿಸುವಾಗ ‘ಹೈ’ ಎಂದು ಹೇಳಿ ತಪ್ಪು ಸೆಟ್ ತರಿಸಿಕೊಳ್ಳುವ ಬದಲು ಹಲ್ಲುಗಳ ಲೆಕ್ಕವನ್ನೇ ಹೇಳುವುದು ಲೇಸು.

ಈ ಹಲ್ಲುಗಳ ಸಂಖ್ಯೆಯಲ್ಲಿ ಒಂದು ಜಾಣ್ಮೆಯೂ ಇದೆ. 8ಕ್ಕೆ 40 ಇಟ್ಟು ಸರಿಯಾಗಿ ಐದು ಮಾಡಬಹುದಿತ್ತು. ಹಾಗೆ ಮಾಡಿದರೆ ಪಿನಿಯನ್ನಿನ ಒಂದು ಹಲ್ಲು ಸದಾ ಕ್ರೌನಿನ ಅದೇ ಐದು ಹಲ್ಲುಗಳನ್ನು ಕಚ್ಚುತ್ತಿರುತ್ತದೆ. ಒಂದು ಹಲ್ಲು ಕೆಟ್ಟರೆ ಆ ಐದೂ ಕೆಡುತ್ತವೆ. 8ಕ್ಕೂ 39ಕ್ಕೂ ಸಾಮಾನ್ಯ ಭಾಜಕವಿಲ್ಲ. ಆದ್ದರಿಂದ ಪ್ರತಿ ಹಲ್ಲೂ ಸರದಿಯ ಮೇಲೆ ಪ್ರತಿ ಹಲ್ಲನ್ನೂ ಭೇಟಿಯಾಗುತ್ತದೆ, ಸವೆತ ಎಲ್ಲರಿಗೂ ಸಮಪಾಲು. 9ಕ್ಕೆ 41, 10ಕ್ಕೆ 43, 11ಕ್ಕೆ 43 ಇವೆಲ್ಲ ಇದೇ ಲೆಕ್ಕದ ಜೋಡಿಗಳು.

ಅನುಪಾತವೆಂಬ ಇತಿಹಾಸ

ಕಾರು ತಯಾರಿಸಿದವರು ಈ ಸಂಖ್ಯೆಯನ್ನು ಸುಮ್ಮನೆ ಆರಿಸಿದ್ದಲ್ಲ. ಎಂಜಿನ್ನಿನ ತಾಕತ್ತು, ಕಾರಿನ ಭಾರ, ಆ ಕಾಲದ ರಸ್ತೆ ಮೂರನ್ನೂ ತೂಗಿ ನೋಡಿ ಒಪ್ಪಿಕೊಂಡ ರಾಜಿ ಅದು. ಹೆನ್ರಿ ಫೋರ್ಡರ ಮಾಡೆಲ್ ಟಿ ಕಾರಿನಲ್ಲಿ ಕ್ರೌನಿಗೆ 40, ಪಿನಿಯನ್ನಿಗೆ 11 ಹಲ್ಲು, ಅಂದರೆ 3.64. ಅದೇ ಎಂಜಿನ್ನನ್ನು ಹೊತ್ತ ಟಿ.ಟಿ. ಲಾರಿಗೆ ಕೊಟ್ಟದ್ದು 7.25. ಕುದುರೆ ಒಂದೇ, ಹೊರೆ ಬೇರೆ, ಅದಕ್ಕೆ ತಕ್ಕಂತೆ ಹಾರೆ ಎರಡು ಪಟ್ಟು ಉದ್ದ.

ಮೋರಿಸ್ ಮೈನರಿನ ಕಥೆ ಇನ್ನೂ ಸ್ವಾರಸ್ಯಕರ. 803 ಸಿ.ಸಿ.ಯ ಪುಟ್ಟ ಎಂಜಿನ್ ಇದ್ದಾಗ ಅದರ ಆಕ್ಸಲ್ ಅನುಪಾತ 5.3ರ ಆಸುಪಾಸು ಇತ್ತು. 1956ರಲ್ಲಿ 948 ಸಿ.ಸಿ. ಎಂಜಿನ್ ಬಂದಾಗ 4.55ಕ್ಕೆ ಇಳಿಯಿತು. 1962ರಲ್ಲಿ 1098 ಸಿ.ಸಿ. ಬಂದಾಗ 4.22. ಹೊರಗಿನ ಮೈಕಟ್ಟು ಹೆಚ್ಚೂಕಡಿಮೆ ಹಾಗೆಯೇ ಉಳಿದರೂ ಒಳಗೆ ಎಂಜಿನ್ ಬಲಿತಂತೆ ಹಾರೆಯನ್ನು ಗಿಡ್ಡ ಮಾಡುತ್ತ ಬಂದರು.

ನಮ್ಮ ಅಂಬಾಸಿಡರಿನ ಮನೆತನದಲ್ಲೂ ಇದೇ ಕಾಣುತ್ತದೆ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಈ ಕಾರು ಬಹುಕಾಲ ನೆಚ್ಚಿದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸರಣಿಯ 1489 ಸಿ.ಸಿ. ಎಂಜಿನ್ನನ್ನು. ಅದೇ ಎಂಜಿನ್ನಿನ ಸುಧಾರಿತ ರೂಪಗಳು ಇಂಗ್ಲೆಂಡಿನ ಎಂ.ಜಿ. ಕಾರುಗಳಲ್ಲಿಯೂ ಇದ್ದವು. ನಾಲ್ಕು ಬಾಗಿಲಿನ ಮ್ಯಾಗ್ನೆಟ್ ಝಡ್.ಎ.ಗೆ 4.875 ಅನುಪಾತ, ಅದರ ಬಳಿಕ ಬಂದ, ಸ್ವಲ್ಪ ಹೆಚ್ಚು ಶಕ್ತಿಯ ಝಡ್.ಬಿ.ಗೆ 4.55. ಹಗುರವಾದ ಎರಡು ಸೀಟಿನ ಎಂ.ಜಿ.ಎ.ಗೆ 4.3. ಎಂಜಿನ್ 1798 ಸಿ.ಸಿ.ಗೆ ಬೆಳೆದು ಎಂ.ಜಿ.ಬಿ. ಆದಾಗ 3.909. ಭಾರ ಕಡಿಮೆಯಾದರೆ, ಶಕ್ತಿ ಹೆಚ್ಚಾದರೆ ಮಾತ್ರ ಸಂಖ್ಯೆ ಇಳಿಯಿತು ಎಂಬುದನ್ನು ಗಮನಿಸಬೇಕು.

ಜೀಪಿನದು ಉಲ್ಟಾ ಪ್ರಯಾಣ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿಗೆ 4.88. ಯುದ್ಧ ಮುಗಿದು 1945ರಲ್ಲಿ ಅದು ರೈತನ ಹೊಲಕ್ಕೆ ಇಳಿಯುವ ಸಿ.ಜೆ.2ಎ ಆದಾಗ 5.38. ಸೈನಿಕನಿಗೆ ಓಟ ಬೇಕಿತ್ತು, ರೈತನಿಗೆ ಎಳೆತ. ಮಲೆನಾಡಿನ ಎಸ್ಟೇಟುಗಳಲ್ಲಿ ಹಳೆಯ ಜೀಪು ಉಳಿಸಿಕೊಂಡವರಿಗೆ ಇಲ್ಲೊಂದು ಎಚ್ಚರಿಕೆ. ನಾಲ್ಕು ಚಕ್ರಗಳಿಗೂ ಎಳೆತವಿರುವ ಗಾಡಿಯಲ್ಲಿ ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್ ಅನುಪಾತ ಒಂದೇ ಆಗಿರಬೇಕು. ಒಂದನ್ನು ಮಾತ್ರ ಬದಲಿಸಿದರೆ, ನಾಲ್ಕೂ ಚಕ್ರ ಜೋಡಿಸಿದ ಕ್ಷಣವೇ ಎರಡು ಆಕ್ಸಲ್‌ಗಳು ಒಂದನ್ನೊಂದು ಜಗ್ಗಲು ತೊಡಗುತ್ತವೆ. ಕೊನೆಗೆ ಏನಾದರೊಂದು ಮುರಿಯುತ್ತದೆ.

ದಕ್ಷಿಣ ಕನ್ನಡದ ಮಟ್ಟಿಗೆ ಈ ಎಳೆತದ ಪ್ರಶ್ನೆ ಹೊಸದಲ್ಲ. ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ 1914ರಲ್ಲಿ ಆರಂಭವಾದಾಗ ಇಲ್ಲಿಯ ದಾರಿಗಳು ಎತ್ತಿನ ಗಾಡಿಗಾಗಿ ಮಾಡಿದ ದಾರಿಗಳು. ನದಿ ಬಂದಲ್ಲಿ ಕಡವು, ದಿಬ್ಬ ಬಂದಲ್ಲಿ ಮುರಕಲ್ಲಿನ ಏರು, ಮಳೆಗಾಲದಲ್ಲಿ ಕೆಸರು. ಅಂಥ ದಾರಿಯಲ್ಲಿ ವೇಗದ ಮಾತೇ ಇರಲಿಲ್ಲ. ಜನ ತುಂಬಿದ ಗಾಡಿ ಏರಿನಲ್ಲಿ ನಿಂತರೆ ಮತ್ತೆ ಹೊರಡಬೇಕು, ಅಷ್ಟೆ. ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದು ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡಿದಾಗ ಈ ಮಾತು ಪ್ರಯಾಣಿಕರಿಗೂ ಅರ್ಥವಾಯಿತು. ಇದ್ದಿಲ ಗ್ಯಾಸಿನಲ್ಲಿ ಎಂಜಿನ್ನಿನ ಶಕ್ತಿ ಬಹಳಷ್ಟು ಕುಗ್ಗುತ್ತದೆ. ಹಾರೆ ಅದೇ, ಹಾರೆ ಹಿಡಿದ ಕೈ ಸೋತಿದೆ.

ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಬೆಳೆಸಿದ ಹಳೆಯ ಕಾರುಗಳ ಸಂಗ್ರಹವನ್ನು ನೋಡಲು ಹೋದವರು ಹೊಳೆಯುವ ದೀಪ, ಹಾರ್ನು, ಚರ್ಮದ ಸೀಟುಗಳನ್ನು ನೋಡಿ ಮೆಚ್ಚುತ್ತಾರೆ. ಅಡಿಯಲ್ಲಿರುವ ಹೌಸಿಂಗನ್ನು ಯಾರೂ ನೋಡುವುದಿಲ್ಲ. ಆದರೆ ಆ ಕಾರು ಎಂಥ ದಾರಿಗಾಗಿ ಹುಟ್ಟಿತು ಎಂಬುದು ಬರೆದಿರುವುದು ಅಲ್ಲಿ.

ಲೆಕ್ಕ ಹಾಕಿ ನೋಡೋಣ

ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದು ಹಳೆಯ ಕಾರನ್ನು ಕಲ್ಪಿಸಿಕೊಳ್ಳೋಣ. ಟೈರಿನ ಸುತ್ತಳತೆ 2 ಮೀಟರ್. ಐದು ಜನ, ಸಾಮಾನು ಸೇರಿ ಭಾರ 1500 ಕಿಲೋ. ಎಂಜಿನ್ನಿನ ಟಾರ್ಕ್, ಎಂದರೆ ತಿರುಚುವ ಬಲ, 10 ಕಿಲೋಗ್ರಾಂ-ಮೀಟರ್. ಇವು ಅಂಬಾಸಿಡರ್ ಗಾತ್ರದ ಕಾರಿಗೆ ಸಮೀಪದ ಅಂಕಿಗಳು.

ಮೊದಲು ಹೆದ್ದಾರಿ. ಗಂಟೆಗೆ 60 ಕಿ.ಮೀ. ಎಂದರೆ ನಿಮಿಷಕ್ಕೆ 1000 ಮೀಟರ್, ಅಂದರೆ ಚಕ್ರಕ್ಕೆ 500 ಸುತ್ತು. ಟಾಪ್ ಗಿಯರಿನಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ಆದ್ದರಿಂದ 4.875 ಅನುಪಾತದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2440 ಸುತ್ತು, 4.3ರಲ್ಲಿ 2150, 3.909ರಲ್ಲಿ 1955. ವೇಗ 80ಕ್ಕೆ ಏರಿದರೆ ಇವು ಕ್ರಮವಾಗಿ 3250, 2870, 2600ರ ಹತ್ತಿರ ಆಗುತ್ತವೆ. ಮೂರು ಸಾವಿರ ದಾಟಿದರೆ ಹಳೆಯ ಎಂಜಿನ್ನಿನ ಸದ್ದು ಕಾರಿನೊಳಗೆ ಮಾತು ಕೇಳಿಸದಷ್ಟಾಗುತ್ತದೆ. 3.909ರ ಮೋಹ ಹುಟ್ಟುವುದು ಇಲ್ಲಿಯೇ.

ಇನ್ನು ಘಟ್ಟ. ಹತ್ತು ಅಡಿಗೆ ಒಂದಡಿ ಏರುವ ದಾರಿಯಲ್ಲಿ 1500 ಕಿಲೋದ ಕಾರನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 150 ಕಿಲೋ ತೂಕದಷ್ಟು. ಟೈರಿನ ತಡೆ, ಗಾಳಿಯ ತಡೆಗೆಂದು ಇನ್ನೊಂದು 25 ಸೇರಿಸಿ, ಒಟ್ಟು 175. ಇಷ್ಟು ಎಳೆತ ಚಕ್ರದಲ್ಲಿ ಬರಬೇಕು. ಗಿಯರ್ ಬಾಕ್ಸಿನ ಮೂರನೇ ಗಿಯರ್ 1.5 ಎಂದೂ, ದಾರಿಯಲ್ಲಿ ಹತ್ತರಲ್ಲೊಂದು ಪಾಲು ಶಕ್ತಿ ತಿಕ್ಕಾಟಕ್ಕೆ ಹೋಗುತ್ತದೆಂದೂ ಇಟ್ಟುಕೊಂಡರೆ, 4.875 ಅನುಪಾತದಲ್ಲಿ ಮೂರನೇ ಗಿಯರಿನ ಎಳೆತ ಸುಮಾರು 207 ಕಿಲೋ. ಕಾರು ನೆಮ್ಮದಿಯಿಂದ ಏರುತ್ತದೆ. 4.3ರಲ್ಲಿ 182. ಏದುಸಿರು ಬಿಡುತ್ತ ಏರುತ್ತದೆ. 3.909ರಲ್ಲಿ 166. ಏರುವುದಿಲ್ಲ. ಎರಡನೇ ಗಿಯರಿಗೆ ಇಳಿಯಲೇಬೇಕು. ಮೂರರಲ್ಲಿ ಹಾಡುತ್ತ ಹೋಗುತ್ತಿದ್ದ ಏರನ್ನು ಎರಡರಲ್ಲಿ ಕಿರುಚುತ್ತ ಹತ್ತಬೇಕು, ರೇಡಿಯೇಟರಿನ ನೀರು ಕುದಿಯಬೇಕು. ಹೆದ್ದಾರಿಯಲ್ಲಿ ಉಳಿಸಿದ ಪೆಟ್ರೋಲನ್ನು ಘಟ್ಟ ಬಡ್ಡಿ ಸಮೇತ ವಸೂಲು ಮಾಡುತ್ತದೆ.

ಹತ್ತುವುದಾದರೂ ತಾಳ್ಮೆಯ ಪ್ರಶ್ನೆ. ಇಳಿಯುವುದು ಪ್ರಾಣದ ಪ್ರಶ್ನೆ. ಘಟ್ಟ ಇಳಿಯುವಾಗ ಅನುಭವಿ ಚಾಲಕರು ಕೆಳಗಿನ ಗಿಯರಿನಲ್ಲಿ ಕಾರನ್ನು ಹಿಡಿದಿಟ್ಟುಕೊಳ್ಳುತ್ತಾರೆ, ಬ್ರೇಕನ್ನು ಮಿತವಾಗಿ ಬಳಸುತ್ತಾರೆ. ಆಗ ಕಾರನ್ನು ತಡೆಯುವುದು ಎಂಜಿನ್. ಆ ತಡೆಯೂ ಇದೇ ಹಾರೆಯ ಮೂಲಕವೇ ಚಕ್ರಕ್ಕೆ ತಲಪುವುದು. ಅನುಪಾತ 4.875ರಿಂದ 3.909ಕ್ಕೆ ಇಳಿದರೆ ಅದೇ ಗಿಯರಿನಲ್ಲಿ ಎಂಜಿನ್ನಿನ ಹಿಡಿತ ಐದರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಅದೇ ವೇಗಕ್ಕೆ ಎಂಜಿನ್ ನಿಧಾನವಾಗಿಯೂ ತಿರುಗುವುದರಿಂದ ನಷ್ಟ ಇನ್ನೂ ಹೆಚ್ಚು. ಉಳಿದ ಭಾರವನ್ನೆಲ್ಲ ಹೊರಬೇಕಾದ್ದು ಹಳೆಯ ಡ್ರಮ್ ಬ್ರೇಕು. ಡ್ರಮ್ ಬ್ರೇಕು ಒಮ್ಮೆ ಕಾದರೆ ಪೆಡಲ್ ಎಷ್ಟು ಒತ್ತಿದರೂ ಹಿಡಿತ ಸಿಗುವುದಿಲ್ಲ. ಆಗುಂಬೆಯ ತಿರುವಿನಲ್ಲಿ ಇದನ್ನು ಕಂಡುಕೊಳ್ಳುವುದು ಬೇಡ. ಹಾಗಾಗಿ ಅನುಪಾತ ಇಳಿಸುವವರು ಮೊದಲು ಬ್ರೇಕಿನ ವಿಚಾರ ಮಾಡಬೇಕು, ಆಮೇಲೆ ವೇಗದ ವಿಚಾರ.

ಬದಲಿಸುವ ಮೊದಲು

ನಿಮ್ಮ ಕಾರಿನಲ್ಲಿ ಈಗ ಇರುವ ಅನುಪಾತ ಯಾವುದು ಎಂದು ಮೊದಲು ತಿಳಿಯಬೇಕು. ಕೈಪಿಡಿಯನ್ನು ನಂಬುವಂತಿಲ್ಲ, ಐವತ್ತು ವರ್ಷಗಳಲ್ಲಿ ಯಾರು ಏನು ಬದಲಿಸಿದ್ದಾರೋ. ಸಮತಟ್ಟಾದ ನೆಲದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ, ಸ್ಟ್ಯಾಂಡ್ ಇಟ್ಟು ಭದ್ರಪಡಿಸಿ. ಗಿಯರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಸಡಿಲ. ಶಾಫ್ಟಿಗೊಂದು ಸೀಮೆಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನು ಇಪ್ಪತ್ತು ಸುತ್ತು ತಿರುಗಿಸಿ, ಶಾಫ್ಟು ಎಷ್ಟು ಸುತ್ತು ಬಂತು ಎಣಿಸಿ. ಒಂದು ಚಕ್ರ ನೆಲದ ಮೇಲಿರುವಾಗ ಡಿಫರೆನ್ಷಿಯಲ್ಲಿನ ಗುಣದಿಂದಾಗಿ ಎತ್ತಿದ ಚಕ್ರದ ಎರಡು ಸುತ್ತಿಗೆ ಕ್ರೌನಿನದು ಒಂದು ಸುತ್ತು. ಆದ್ದರಿಂದ ಬಂದ ಸಂಖ್ಯೆಯನ್ನು ಹತ್ತರಿಂದ ಭಾಗಿಸಿದರೆ ಅನುಪಾತ ಸಿಕ್ಕಿತು. ನಲವತ್ತೆಂಟು ಮುಕ್ಕಾಲು ಸುತ್ತು ಬಂದರೆ 4.875.

ಟೈರನ್ನು ಮರೆಯಬಾರದು. ಹಳೆಯ ಅಳತೆಯ ಟೈರು ಸಿಗದೆ ಸ್ವಲ್ಪ ಗಿಡ್ಡನೆಯ ರೇಡಿಯಲ್ ಹಾಕಿಸಿದವರು ತಮಗೆ ತಿಳಿಯದೆಯೇ ಅನುಪಾತ ಬದಲಿಸಿದ್ದಾರೆ. ಸುತ್ತಳತೆ 2 ಮೀಟರಿನಿಂದ 1.9ಕ್ಕೆ ಇಳಿದರೆ 4.875 ಎಂಬುದು 5.13ರಂತೆ ವರ್ತಿಸುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಅರಚುತ್ತದೆ ಎಂದು ಹೌಸಿಂಗ್ ಬಿಚ್ಚುವ ಮೊದಲು ಟೈರಿನ ಅಳತೆ ನೋಡಿ. ಸರಿಯಾದ ಎತ್ತರದ ಟೈರಿನಿಂದಲೇ ಅರ್ಧ ದೂರು ಪರಿಹಾರವಾದೀತು.

ಸ್ಪೀಡೋಮೀಟರಿನದು ಇನ್ನೊಂದು ತೊಡಕು. ಹೆಚ್ಚಿನ ಹಳೆಯ ಕಾರುಗಳಲ್ಲಿ ಅದರ ಕೇಬಲ್ ಹೊರಡುವುದು ಗಿಯರ್ ಬಾಕ್ಸಿನ ಹಿಂತುದಿಯಿಂದ. ಆಕ್ಸಲ್ಲಿನಲ್ಲಿ ನಡೆದ ಬದಲಾವಣೆ ಅದಕ್ಕೆ ಗೊತ್ತೇ ಆಗುವುದಿಲ್ಲ. 4.875 ತೆಗೆದು 3.909 ಹಾಕಿದ ಕಾರಿನ ಮುಳ್ಳು 60 ತೋರಿಸುವಾಗ ಕಾರು ನಿಜಕ್ಕೂ ಓಡುತ್ತಿರುವುದು ಸುಮಾರು 75ರಲ್ಲಿ. ಶಾಲೆಯ ಮುಂದಿನ ವೇಗಮಿತಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಕೆಲಸವೂ ನಾಜೂಕಿನದು. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಜೋಡಿಯಾಗಿ ಹದಗೊಂಡು ಬರುತ್ತವೆ. ಒಂದನ್ನು ಮಾತ್ರ ಬದಲಿಸುವುದು ಸಲ್ಲದು. ಹಲ್ಲಿಗೆ ಬಣ್ಣ ಹಚ್ಚಿ, ತಿರುಗಿಸಿ, ಕಚ್ಚಿದ ಗುರುತು ಹಲ್ಲಿನ ನಡುವೆ ಬೀಳುತ್ತದೆಯೇ ನೋಡಿ, ಕಾಗದದಷ್ಟು ತೆಳುವಾದ ಶಿಮ್‌ಗಳನ್ನು ಸೇರಿಸುತ್ತ ತೆಗೆಯುತ್ತ ಸರಿಪಡಿಸಬೇಕು. ಕೂದಲೆಳೆಯಷ್ಟು ತಪ್ಪಿದರೂ ಕಾರು ಓಡುವಷ್ಟು ಹೊತ್ತು ಹೌಸಿಂಗ್ ಕೂಗುತ್ತಲೇ ಇರುತ್ತದೆ. ಈ ಕೈಗುಣ ಇರುವ ಹಿರಿಯ ಮೆಕ್ಯಾನಿಕ್ ನಿಮ್ಮ ಊರಲ್ಲಿದ್ದರೆ ಅವರ ಮಾತು ಕೇಳಿ. ಅವರು ಬೇಡವೆಂದರೆ ಬೇಡ.

ಮಧ್ಯದ ದಾರಿ ಇಲ್ಲವೇ? ಇದೆ. ಎಂ.ಜಿ.ಬಿ.ಯಂಥ ಕಾರುಗಳಿಗೆ ಓವರ್‌ಡ್ರೈವ್ ಎಂಬ ಹೆಚ್ಚುವರಿ ಗಿಯರ್ ಸಿಗುತ್ತಿತ್ತು. ಬೇಕೆಂದಾಗ ಸ್ವಿಚ್ ಒತ್ತಿದರೆ ಎಂಜಿನ್ನಿನ ಸುತ್ತು ಸುಮಾರು ಐದರಲ್ಲೊಂದು ಪಾಲು ಇಳಿಯುತ್ತದೆ. 4.875ನ್ನು 0.8ರಿಂದ ಗುಣಿಸಿ ನೋಡಿ, 3.9! ಹೆದ್ದಾರಿಗೆ ಬೇಕಾದ ನಿರಾಳವೂ ಬಂತು, ಘಟ್ಟಕ್ಕೆ ಬೇಕಾದ ಕೆಳಗಿನ ಗಿಯರುಗಳೂ ಉಳಿದವು. ಐದು ಗಿಯರುಗಳ ಗಿಯರ್ ಬಾಕ್ಸು ಮಾಡುವುದೂ ಇದನ್ನೇ. ಅಂಬಾಸಿಡರ್ ಕೂಡ 1990ರ ದಶಕದಲ್ಲಿ ಇಸುಝು ಎಂಜಿನ್ನಿನ ಜತೆ ಐದನೆಯ ಗಿಯರ್ ಪಡೆಯಿತು.

ಕಾನೂನಿನ ದೃಷ್ಟಿಯೂ ಇದೆ. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮದಂತೆ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ಸ್ವರೂಪದಲ್ಲಿ ಕಾಪಾಡಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು. ಅಂಥ ಕಾರು ಪ್ರದರ್ಶನ, ರ್‍ಯಾಲಿಗಳಿಗೆ ಹೋಗಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ವರ್ಷಕ್ಕೆ ನಾಲ್ಕು ಬಾರಿ ಹೊರಡುವ ಕಾರಿಗೆ ಹೆದ್ದಾರಿಯ ವೇಗ ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳಬೇಕು. ಬದಲಿಸಿಯೇ ಸಿದ್ಧ ಎನ್ನುವವರು ತೆಗೆದ ಮೂಲ ಜೋಡಿಯನ್ನು ಗುಜರಿಗೆ ಹಾಕದೆ ಗ್ರೀಸ್ ಸವರಿ, ಸುತ್ತಿ, ಹಲ್ಲುಗಳ ಲೆಕ್ಕ ಬರೆದು ಇಡಲಿ. ಕರಾವಳಿಯ ಉಪ್ಪುಗಾಳಿಗೆ ಬರಿಯ ಉಕ್ಕು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ಹಾಗಾದರೆ ಆಯ್ಕೆ ಹೇಗೆ? ಕಾರು ಎಷ್ಟು ಜೋರಾಗಿ ಓಡಬೇಕು ಎಂಬಲ್ಲಿಂದ ಲೆಕ್ಕ ಆರಂಭಿಸುವುದು ಬೇಡ. ತುಂಬಿದ ಕಾರು ಹತ್ತಬೇಕಾದ ಅತ್ಯಂತ ಕಡಿದಾದ ಏರು ಯಾವುದು, ಇಳಿಯಬೇಕಾದ ಇಳಿಜಾರು ಯಾವುದು ಎಂಬಲ್ಲಿಂದ ಆರಂಭಿಸಬೇಕು. ಕಾರು ಎಂದೂ ಬಿ.ಸಿ.ರೋಡು ದಾಟುವುದಿಲ್ಲವೆಂದಾದರೆ 4.3ರ ಆಸುಪಾಸಿನದು ಸುರತ್ಕಲ್ಲಿಗೆ ಸಾಕು. ವರ್ಷಕ್ಕೊಮ್ಮೆಯಾದರೂ ಮನೆಮಂದಿಯನ್ನು ಕೂರಿಸಿಕೊಂಡು ಘಟ್ಟ ಹತ್ತುವುದಿದ್ದರೆ ಹಳೆಯ ಹಲ್ಲುಗಳೇ ಇರಲಿ. ಹೆದ್ದಾರಿಯಲ್ಲಿ ಎಡಬದಿಗೆ ಸರಿದು, ಅರವತ್ತರಲ್ಲಿ ಸಾಗಿದರಾಯಿತು.